ಆಮೆಯ ಬೆನ್ನಿನ ಮೇಲೆ ಬಾಗಿದ ಚಕ್ರ

ಕರಿಗಲ್ಲು ಗುಡ್ಡದ ಬುಡದಲ್ಲಿ ಒಂದು ಹೊಂಡವಿತ್ತು. ಸುತ್ತಲೂ ಜೊಂಡು ಬೆಳೆದಿದ್ದರಿಂದ ಎಲ್ಲರೂ ಅದನ್ನು ಜೊಂಡುಹೊಂಡ ಎಂದೇ ಕರೆಯುತ್ತಿದ್ದರು. ಹೊಂಡ ಎಂದರೆ ಕೆರೆಯಷ್ಟು ದೊಡ್ಡದಲ್ಲ ಮಕ್ಕಳೇ, ಗುಂಡಿಯಷ್ಟು ಸಣ್ಣದೂ ಅಲ್ಲ. ಒಂದು ಎಮ್ಮೆ ಆರಾಮಾಗಿ ಹೊರಳಾಡಬಹುದು, ಎರಡು ಎಮ್ಮೆ ಬಂದರೆ ಜಗಳವಾಗುತ್ತದೆ, ಅಷ್ಟು.

ಗುಡ್ಡದ ಆಚೆ ಬದಿಯಲ್ಲಿ ಒಂದು ದೊಣೆಯಿತ್ತು. ದೊಣೆ ಎಂದರೆ ಬಂಡೆಯಲ್ಲಿ ತಾನಾಗಿಯೇ ಆದ ಆಳವಾದ ನೀರಿನ ತೊಟ್ಟಿ. ಅದರ ನೀರು ಯಾವ ಬೇಸಿಗೆಗೂ ಬತ್ತುತ್ತಿರಲಿಲ್ಲ. ಜೊಂಡುಹೊಂಡ ಮಾತ್ರ ಪ್ರತಿ ಬೇಸಿಗೆಯಲ್ಲೂ ತಪ್ಪದೆ ಬತ್ತುತ್ತಿತ್ತು.

ಹೊಂಡ ಬತ್ತಿದರೆ ದೊಡ್ಡ ಕಪ್ಪೆಗಳಿಗೆ ಚಿಂತೆಯಿಲ್ಲ. ಕುಪ್ಪಳಿಸಿಕೊಂಡು ದೊಣೆಗೆ ಹೋಗಿಬಿಡುತ್ತಿದ್ದವು. ಆದರೆ ಗೊದಮೊಟ್ಟೆಗಳು? ಗೊದಮೊಟ್ಟೆ ಎಂದರೆ ಕಪ್ಪೆಯ ಮರಿ. ಅದಕ್ಕೆ ಬಾಲವಿರುತ್ತದೆ, ಕಾಲಿರುವುದಿಲ್ಲ. ಯುಗಾದಿ ಹೊತ್ತಿಗೆ ಬೀಳುವ ಒಂದೆರಡು ಮಳೆಗೆ ಮರುಳಾಗಿ ಕಪ್ಪೆಗಳು ಮೊಟ್ಟೆ ಇಟ್ಟುಬಿಡುತ್ತಿದ್ದವು. ಮರಿಗಳು ಹೊರಬರುವ ಹೊತ್ತಿಗೆ ಬಿಸಿಲು ಏರಿ ನೀರು ಇಳಿಯುತ್ತಿತ್ತು. ಕಾಲು ಬರುವ ತನಕ ನೀರು ಕಾಯುವುದಿಲ್ಲವಲ್ಲ!

ಅದಕ್ಕೇ ಜೊಂಡುಹೊಂಡದವರು ಬಂಡಿ ಮಾಡುತ್ತಿದ್ದರು. ಒಣಗಿದ ಸೋರೆಬುರುಡೆಗೆ ನೀರು ತುಂಬಿ, ಅದರಲ್ಲಿ ಗೊದಮೊಟ್ಟೆಗಳನ್ನು ಬಿಟ್ಟು, ಬುರುಡೆಯನ್ನು ಬಂಡಿಯ ಮೇಲಿಟ್ಟರೆ ಎರಡು ಮೊಲಗಳು ಎಳೆದುಕೊಂಡು ಗುಡ್ಡ ಸುತ್ತಿ ದೊಣೆಗೆ ಮುಟ್ಟಿಸುತ್ತಿದ್ದವು. ಹೊಂಡದ ನಡುವೆ ಒಂದು ಬಿಳಿಗಲ್ಲು ಇತ್ತು. ನೀರು ಇಳಿದು ಆ ಕಲ್ಲಿನ ನೆತ್ತಿ ಕಾಣಿಸಿತೆಂದರೆ ಇನ್ನು ಎಂಟೇ ದಿನ ಎಂದು ಲೆಕ್ಕ. ಆ ಎಂಟು ದಿನದಲ್ಲಿ ಎಲ್ಲ ಮರಿಗಳೂ ಹೋಗಬೇಕು. ಈ ಬಿಳಿಗಲ್ಲನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಬಂಡಿ ತಯಾರಾಗುತ್ತಿದ್ದುದು ದಡದ ಬೇವಿನ ಮರದ ಕೆಳಗೆ. ಅಲ್ಲಿಯ ಮುಖ್ಯಸ್ಥೆ ಕೊಟ್ರವ್ವ ಎಂಬ ಮರಕುಟಿಗ. ಬಿದಿರು ಸೀಳುವುದು, ತೂತು ಕೊರೆಯುವುದು, ಗಂಟು ಹಾಕುವುದು, ಎಲ್ಲ ಅವಳದೇ. ಸಗಣಿಹುಳ ತಿಪ್ಪಣ್ಣ ಚಕ್ರಗಳ ಪರೀಕ್ಷಕ. ಹುಟ್ಟಿದಾಗಿನಿಂದ ಉಂಡೆ ಉರುಳಿಸಿದವನಿಗಿಂತ ಚೆನ್ನಾಗಿ ದುಂಡನ್ನು ಬಲ್ಲವರು ಯಾರು? ಅವನು ಹಿಂಗಾಲಿನಿಂದ ಚಕ್ರವನ್ನು ಒಂದು ಸುತ್ತು ಉರುಳಿಸಿ, "ಹೂಂ" ಎಂದರೆ ಸರಿ, "ಊಹೂಂ" ಎಂದರೆ ಮತ್ತೆ ಮಾಡಬೇಕು.

ಮೂರನೆಯವನು ಸಣ್ಣೀರಜ್ಜ. ಇವನು ಬೆನ್ನ ತುಂಬ ನಕ್ಷತ್ರದ ಗೆರೆಗಳಿದ್ದ ಮುದಿ ಆಮೆ. ಇವನ ಕೆಲಸ ಏನು ಗೊತ್ತೇ? ಸುಮ್ಮನೆ ಕೂರುವುದು!

ನಗಬೇಡಿ. ಹಸಿ ಬಿದಿರಿನ ಪಟ್ಟಿಯನ್ನು ಬಗ್ಗಿಸಿದರೆ ಅದು ಮತ್ತೆ ನೆಟ್ಟಗಾಗುತ್ತದೆ. ಬಾಗಿದ ಹಾಗೆಯೇ ಒಣಗಿದರೆ ಮಾತ್ರ ಬಾಗಿಯೇ ಉಳಿಯುತ್ತದೆ. ಅದಕ್ಕೆ ಕೊಟ್ರವ್ವ ಹಸಿ ಪಟ್ಟಿಯನ್ನು ಅಜ್ಜನ ದುಂಡು ಬೆನ್ನಿನ ಮೇಲೆ ಬಗ್ಗಿಸಿ ಹೊಟ್ಟೆಯ ಕೆಳಗೆ ನಾರಿನಿಂದ ಕಟ್ಟುತ್ತಿದ್ದಳು. ಅಜ್ಜ ಅರ್ಧ ದಿನ ಬಿಸಿಲಿನಲ್ಲಿ ಅಲ್ಲಾಡದೆ ಕೂರುತ್ತಿದ್ದ. ಪಟ್ಟಿ ಒಣಗಿ ಕಮಾನು ಆಗುತ್ತಿತ್ತು. ಎರಡು ಕಮಾನು ಸೇರಿಸಿದರೆ ಒಂದು ಚಕ್ರ. ಅರ್ಧ ದಿನ ಅಲ್ಲಾಡದೆ ಕೂರಲು ಮೊಲಕ್ಕೆ ಆಗುತ್ತದೆಯೇ? ಕಪ್ಪೆಗೆ ಆಗುತ್ತದೆಯೇ? ಅಜ್ಜನೊಬ್ಬನಿಗೇ ಆಗುತ್ತಿದ್ದುದು.

ಆ ಗಂಟೂ ಸಾಮಾನ್ಯದ್ದಲ್ಲ. ಒಣಗುತ್ತ ಬಿದಿರು ಸೊರಗುತ್ತದೆ, ಸೊರಗಿದಷ್ಟೂ ಗಂಟು ತಾನಾಗಿಯೇ ಬಿಗಿಯಾಗಬೇಕು. ಕೊಟ್ರವ್ವನ ತಾಯಿ ಕಲಿಸಿಕೊಟ್ಟ ಗಂಟು ಅದು. ಜೊತೆಗೆ ಒಂದು ನಿಯಮವನ್ನೂ ಹೇಳಿಕೊಟ್ಟಿದ್ದಳು: ಕಟ್ಟಿದವರೇ ಬಿಚ್ಚಬೇಕು. ಯಾಕೆಂದರೆ ಬೇರೆ ಯಾರಾದರೂ ಅಡ್ಡಾದಿಡ್ಡಿ ಬಿಚ್ಚಿದರೆ ಪಟ್ಟಿ ಚಿಮ್ಮಿ ಕಣ್ಣಿಗೆ ಹೊಡೆಯುತ್ತದೆ. ಬೇವಿನ ಮರದ ಕೆಳಗೆ ಈ ನಿಯಮವನ್ನು ಯಾರೂ ಮೀರುತ್ತಿರಲಿಲ್ಲ.

ಸಿದ್ಧವಾದ ಬಂಡಿಯ ಮೇಲೆ ಕೊಟ್ರವ್ವ ಸಾಲಾಗಿ ಮೂರು ಸಣ್ಣ ತೂತು ಕುಟ್ಟುತ್ತಿದ್ದಳು. ಅದು ಜೊಂಡುಹೊಂಡದ ಗುರುತು.

ಆ ಬಂಡಿಗಳಲ್ಲಿ ಒಂದೇ ಒಂದು ಕೊರತೆ ಇತ್ತು. ಹೊರಟರೆ "ಕಿರ್ರ್ರ್" ಎಂದು ಕಿರುಚುತ್ತಿದ್ದವು. ಆ ಸದ್ದಿಗೆ ಮೊಲಗಳು ಕಿವಿಯಲ್ಲಿ ಎಲೆ ತುರುಕಿಕೊಂಡು ಎಳೆಯುತ್ತಿದ್ದವು.

ಒಂದು ಚಳಿಗಾಲ ಆಕಾಶದಿಂದ ಹೆಬ್ಬಾತುಗಳ ಹಿಂಡು ಇಳಿಯಿತು. ತಲೆಯ ಮೇಲೆ ಎರಡು ಕಪ್ಪು ಪಟ್ಟೆ, ಬೂದು ರೆಕ್ಕೆ, ಉದ್ದ ಕೊರಳು. ಹಿಮದ ಪರ್ವತಗಳ ಆಚೆಯ ಯಾವುದೋ ದೊಡ್ಡ ಸರೋವರದಿಂದ ಬಂದವು. ಹಿಂಡಿನ ಮುಂದಾಳಿನ ಹೆಸರು ತುಲ್ಗಾ.

ಬೇಸಿಗೆಗೆಂದು ಮಾಡಿ ಎಳೆದು ನೋಡುತ್ತಿದ್ದ ಬಂಡಿಯ ಕಿರುಚಾಟ ಕೇಳಿ ತುಲ್ಗಾ ಓಡಿಬಂದಳು. "ಯಾರಿಗೆ ಏನಾಯಿತು? ಯಾರನ್ನು ಹೊಡೆಯುತ್ತಿದ್ದೀರಿ?"

"ಯಾರನ್ನೂ ಇಲ್ಲವ್ವ. ನಮ್ಮ ಬಂಡಿಯ ದನಿಯೇ ಹಾಗೆ," ಎಂದಳು ಕೊಟ್ರವ್ವ ನಾಚಿಕೊಂಡು.

ತುಲ್ಗಾ ಬಗ್ಗಿ ಅಚ್ಚನ್ನು ನೋಡಿದಳು. ಅಚ್ಚು ಎಂದರೆ ಎರಡು ಚಕ್ರಗಳ ನಡುವಿನ ಕೋಲು. "ಒಣ ಕೋಲು ಒಣ ತೂತಿನಲ್ಲಿ ತಿರುಗಿದರೆ ಕಿರುಚದೆ ಏನು ಮಾಡುತ್ತದೆ? ಎಣ್ಣೆ ಹಚ್ಚಬೇಕು!" ಎಂದು ತನ್ನ ಬಾಲದ ಬುಡಕ್ಕೆ ಕೊಕ್ಕು ಹಾಕಿ, ರೆಕ್ಕೆಗೆ ಹಚ್ಚಿಕೊಳ್ಳುವ ಎಣ್ಣೆಯನ್ನೇ ತೆಗೆದು ಅಚ್ಚಿಗೆ ಬಳಿದಳು. ಮೊಲಗಳು ಎಳೆದವು. ಬಂಡಿ ಸದ್ದಿಲ್ಲದೆ ಹೊರಟಿತು. ಎಷ್ಟು ಸದ್ದಿಲ್ಲದೆ ಎಂದರೆ, ಹಿಂದೆ ಬಂಡಿ ಇದೆಯೋ ಇಲ್ಲವೋ ಎಂದು ಮೊಲಗಳು ಮೂರು ಸಲ ತಿರುಗಿ ನೋಡಿದವು.

"ನಮ್ಮ ಎಣ್ಣೆಯೇ ಬೇಕೆಂದೇನೂ ಇಲ್ಲ," ಎಂದು ತುಲ್ಗಾ ಹೇಳಿಕೊಟ್ಟಳು. "ಇಲ್ಲಿ ಹೊಂಗೆಮರ ಇದೆಯಲ್ಲ, ಅದರ ಬೀಜ ಜಜ್ಜಿ ಹಿಂಡಿ."

ಕೊಟ್ರವ್ವನಿಗೆ ಅವಳ ಮೇಲೆ ಎಷ್ಟು ಪ್ರೀತಿ ಬಂತೆಂದರೆ, ಹೊಂಡದ ದಡದ ಎಳೆ ಹುಲ್ಲನ್ನೆಲ್ಲ ಹೆಬ್ಬಾತುಗಳಿಗೇ ಬಿಟ್ಟುಕೊಟ್ಟಳು. ಇದರಲ್ಲಿ ತಪ್ಪೇನೂ ಇಲ್ಲ ಮಕ್ಕಳೇ. ಒಳ್ಳೆಯದನ್ನು ಕಲಿಸಿದವರನ್ನು ಆದರಿಸಲೇಬೇಕು. ತಪ್ಪಾದದ್ದು ಆಮೇಲೆ.

ಮರುವರ್ಷ ಪ್ರತಿ ಹೆಬ್ಬಾತಿನ ಕೊರಳಲ್ಲೂ ಹಾರದ ಹಾಗೆ ಒಂದೊಂದು ಚಕ್ರ ನೇತಾಡುತ್ತಿತ್ತು. ಅವರ ಸರೋವರದ ದಡದ, ಬೆತ್ತದಂಥ ಬಳುಕುವ ಕಡ್ಡಿಯಿಂದ ಮಾಡಿದ, ಹಗುರವಾದ, ಕನ್ನಡಿಯ ಹಾಗೆ ಹೊಳೆಯುವ ಚಕ್ರಗಳು. ತಿಪ್ಪಣ್ಣ ಉರುಳಿಸಿ ನೋಡಿದ. ಒಪ್ಪಲು ಮನಸ್ಸಿಲ್ಲದಿದ್ದರೂ ಸುಳ್ಳು ಹೇಳಲಾರದೆ "ಹೂಂ" ಎಂದ.

"ನಿಮಗೆ ಯಾಕೆ ಈ ಕಷ್ಟ?" ಎಂದಳು ತುಲ್ಗಾ. "ಚಕ್ರ ನಾವು ತರುತ್ತೇವೆ. ಉಳಿದದ್ದು ನೀವು ಮಾಡಿ. ಅದಿರಲಿ, ಆ ಅಜ್ಜ ಯಾರು? ನಾವು ಬಂದಾಗಿನಿಂದ ನೋಡುತ್ತಿದ್ದೇನೆ, ಕೂತಲ್ಲೇ ಇದ್ದಾನೆ. ದಿನಕ್ಕೆ ಎರಡು ಹಿಡಿ ಸೊಪ್ಪು ಬೇರೆ ತಿನ್ನುತ್ತಾನೆ."

ಆಗ ಅಜ್ಜನ ಬೆನ್ನಿನ ಮೇಲೆ ಆ ಬೆಳಿಗ್ಗೆಯಷ್ಟೇ ಕಟ್ಟಿದ ಒಂದು ಪಟ್ಟಿ ಇತ್ತು. ಕೊಟ್ರವ್ವ ಅಜ್ಜನ ಹತ್ತಿರ ಹೋದಳು. ಹೇಳುವುದು ಅವಳಿಗೂ ಕಷ್ಟವಾಯಿತು.

"ಅಜ್ಜಾ, ಇನ್ನು ಮೇಲೆ... ಚಕ್ರ ಅವರೇ ತರುತ್ತಾರಂತೆ. ನೀನು ಬಿಸಿಲಲ್ಲಿ ಕೂರೋದು ಬೇಕಿಲ್ಲ."

ಅಜ್ಜ ನಿಧಾನವಾಗಿ ಎದ್ದ. ಆಮೇಲೆ, "ಒಳ್ಳೇದೇ ಆಯಿತು ಬಿಡು. ಬಹಳ ದಿನದಿಂದ ಬೆನ್ನು ಕೆರೆಯಬೇಕು ಅನ್ನಿಸುತ್ತಿತ್ತು," ಎಂದ. ಎರಡು ಹೆಜ್ಜೆ ಇಟ್ಟು ನಿಂತ. "ಒಂದು ಮಾತು. ವರ್ಷಕ್ಕೆ ಒಂದು ಚಕ್ರವನ್ನಾದರೂ ನೀನೇ ಮಾಡವ್ವ. ಬೇಕಾಗಲಿ ಬಿಡಲಿ. ಕೊಕ್ಕು ಮರೆಯಬಾರದು."

"ಆಗಲಿ ಅಜ್ಜಾ, ಖಂಡಿತ," ಎಂದಳು ಕೊಟ್ರವ್ವ. ಅಷ್ಟರಲ್ಲಿ ಮೊಲಗಳು ಹೊಸ ಚಕ್ರ ಹಾಕಿದ ಬಂಡಿಯನ್ನು ಎಳೆದುಕೊಂಡು ಬಂದವು. ಎಲ್ಲರೂ "ಹೋ" ಎಂದು ಕೂಗಿದರು. ಕೊಟ್ರವ್ವ ಅದನ್ನು ನೋಡಲು ಹಾರಿಹೋದಳು. ತಿರುಗಿ ಬರುವಷ್ಟರಲ್ಲಿ ಅಜ್ಜ ಹೊರಟುಹೋಗಿದ್ದ.

ಬೆನ್ನಿನ ಪಟ್ಟಿಯನ್ನು ಯಾರೂ ಬಿಚ್ಚಿರಲಿಲ್ಲ.

ಎರಡು ವರ್ಷ ಬರೀ ಚಕ್ರ ಬಂತು. ನಾಲ್ಕನೆಯ ಚಳಿಗಾಲ ಇಡೀ ಬಂಡಿಯೇ ಬಿಡಿ ಬಿಡಿಯಾಗಿ ಬಂತು. ಒಂದು ಹೆಬ್ಬಾತು ಅಚ್ಚು ತಂದರೆ ಇನ್ನೊಂದು ಹಲಗೆ ತಂದಿತು. ಇಲ್ಲಿ ಮಾಡಬೇಕಾದದ್ದು ಇಷ್ಟೇ: ತುಂಡುಗಳನ್ನು ಜೋಡಿಸಿ, ನಾಲ್ಕು ಗೂಟ ಹೊಡೆಯುವುದು. ಟಕ್ ಟಕ್ ಟಕ್ ಟಕ್. ಮುಗಿಯಿತು. ಗಂಟು ಬೇಕಿಲ್ಲ, ತೂತು ಬೇಕಿಲ್ಲ. ಮೂರು ತೂತಿನ ಗುರುತಿನ ಜಾಗದಲ್ಲಿ ಒಂದು ಗರಿಯ ಚಿತ್ರ ಬಂತು.

ತಿಪ್ಪಣ್ಣ ಅಂದೇ ಎದ್ದ. "ನಾನು ಬರ್ತೀನಿ ಕೊಟ್ರವ್ವ."

"ಎಲ್ಲಿಗೋ?"

"ಉಂಡೆ ಉರುಳಿಸೋಕೆ. ಇಲ್ಲಿ ನನ್ನ 'ಹೂಂ' ಯಾರಿಗೂ ಬೇಕಿಲ್ಲ. ಸಗಣಿಗಾದರೂ ಬೇಕು."

"ಹೊಳೆಯೋ ಬಂಡಿ ಬಿಟ್ಟು ಸಗಣಿಗೆ ಹೋಗ್ತೀಯಲ್ಲೋ!" ಎಂದು ಮೊಲಗಳು ನಕ್ಕವು.

"ಸಗಣಿ ನಮ್ಮ ಊರಿಂದೇ ಕಣ್ರಪ್ಪ, ದಿನಾ ಸಿಗುತ್ತೆ," ಎಂದು ತಿಪ್ಪಣ್ಣ ಹೊರಟ.

ಕೊಟ್ರವ್ವ ಗೂಟ ಹೊಡೆದುಕೊಂಡು ಸುಖವಾಗಿದ್ದಳು. ಅಜ್ಜನಿಗೆ ಕೊಟ್ಟ ಮಾತು? ಮೊದಲ ವರ್ಷ, ನಾಳೆ ಮಾಡೋಣ ಎಂದುಕೊಂಡಳು. ಎರಡನೆಯ ವರ್ಷ, ಯಾಕೆ ಸುಮ್ಮನೆ ಎಂದುಕೊಂಡಳು. ಮೂರನೆಯ ವರ್ಷ ನೆನಪೇ ಆಗಲಿಲ್ಲ. ಮರೆವು ಹೀಗೆಯೇ ಬರುವುದು.

ಆರನೆಯ ಚಳಿಗಾಲ ಎಲ್ಲರೂ ಆಕಾಶ ನೋಡುತ್ತ ಕಾದರು. ಹಿಂಡು ಬರಲಿಲ್ಲ. ತುಲ್ಗಾ ಒಬ್ಬಳೇ ಇಳಿದಳು. ಕೊರಳಲ್ಲಿ ಚಕ್ರವಿರಲಿಲ್ಲ, ಒಂದು ಪುಟ್ಟ ಬುರುಡೆ ಇತ್ತು.

"ಕೊಟ್ರವ್ವ, ಬೇಜಾರು ಮಾಡಿಕೊಳ್ಳಬೇಡ. ನಮ್ಮ ಸರೋವರದಲ್ಲಿ ಹಿರಿಯರು ಕೂತು ತೀರ್ಮಾನ ಮಾಡಿದ್ದಾರೆ. ಇನ್ನು ಮೇಲೆ ಹಿಂಡು ಪೂರ್ವದ ದೊಡ್ಡ ಕೆರೆಗೆ ಹೋಗುತ್ತದೆ. ಅಲ್ಲಿ ಹುಲ್ಲು ಹೆಚ್ಚಂತೆ. ಇಲ್ಲಿಯ ದಡ ನಮಗೆ ಸಾಲುವುದಿಲ್ಲ."

"ನಮ್ಮನ್ನು ಒಂದು ಮಾತು ಕೇಳಲಿಲ್ಲವಾ?"

"ನನ್ನನ್ನೇ ಕೇಳಲಿಲ್ಲ," ಎಂದಳು ತುಲ್ಗಾ. ಅವಳ ದನಿ ಸಣ್ಣದಾಗಿತ್ತು.

"ಹಾಗಾದರೆ ಬಂಡಿ ಮುರಿದರೆ?"

"ಮುರಿದರೆ... ನಮ್ಮ ಸರೋವರಕ್ಕೆ ಹೇಳಿ ಕಳಿಸಬೇಕು."

"ಅದು ಎಷ್ಟು ದೂರ?"

"ಹೆಚ್ಚೇನಿಲ್ಲ, ಹದಿನೆಂಟು ದಿನ ಹಾರಬೇಕು. ನಡುವೆ ಹಿಮದ ಪರ್ವತ ಇದೆ."

ಕೊಟ್ರವ್ವ ಬೇವಿನ ಮರದಿಂದ ಹೊಂಗೆಮರದವರೆಗೆ ಹಾರಿದರೆ ಎರಡು ಸಲ ಕೂತು ಸುಧಾರಿಸಿಕೊಳ್ಳುವವಳು.

ತುಲ್ಗಾ ಕೊರಳ ಬುರುಡೆಯನ್ನು ಇಳಿಸಿಟ್ಟಳು. "ಇದರಲ್ಲಿ ನನ್ನದೇ ಎಣ್ಣೆ ಇದೆ. ಕೊಡಲು ನನ್ನ ಕೈಯಲ್ಲಿ ಇದ್ದದ್ದು ಇಷ್ಟೇ." ಹಾಗೆಂದು ಹೊಂಡವನ್ನು ಒಂದು ಸುತ್ತು ಹಾರಿ ಹೊರಟುಹೋದಳು.

ಬೇಸಿಗೆ ಬಂತು. ತಣ್ಣನೆಯ ದೇಶದ ಆ ಕಡ್ಡಿ ನಮ್ಮ ಬಿಸಿಲನ್ನು ಎಷ್ಟು ವರ್ಷ ತಡೆದೀತು? ಪ್ರತಿ ವರ್ಷ ಒಂದೆರಡು ಚಕ್ರ ಸೀಳುತ್ತಿದ್ದವು, ಹೊಸತು ಬರುತ್ತಿದ್ದುದರಿಂದ ಯಾರೂ ಗಮನಿಸಿರಲಿಲ್ಲ. ಈಗ ಹೊಸತು ಬರಲಿಲ್ಲ. ಇದ್ದ ಆರು ಬಂಡಿಗಳಲ್ಲಿ ಐದರ ಚಕ್ರಗಳು ಶಿವರಾತ್ರಿ ಕಳೆದು ಯುಗಾದಿ ಬರುವಷ್ಟರಲ್ಲಿ ಸೀಳಿಹೋದವು. ಆರನೆಯದು ಮಾತ್ರ ಉಳಿಯಿತು.

ಒಂದು ಬೆಳಿಗ್ಗೆ ಹೊಂಡದ ನಡುವೆ ಬಿಳಿಗಲ್ಲಿನ ನೆತ್ತಿ ಕಾಣಿಸಿತು. ಎಂಟು ದಿನದ ಲೆಕ್ಕ ಶುರುವಾಯಿತು.

ಉಳಿದ ಒಂದೇ ಬಂಡಿಗೆ ಮೊದಲ ಬುರುಡೆಯನ್ನು ಹೇರಿ ಮೊಲಗಳು ಹೊರಟವು. ನೂರು ಮಾರು ಹೋಗಿರಲಿಲ್ಲ, 'ಫಟ್' ಎಂದು ಸದ್ದಾಯಿತು. ಚಕ್ರ ಎರಡು ಹೋಳು. ಬುರುಡೆ ಉರುಳುವ ಮೊದಲೇ ಮೊಲಗಳು ಎದೆ ಕೊಟ್ಟು ತಡೆದದ್ದರಿಂದ ಮರಿಗಳು ಉಳಿದವು. ಅವುಗಳನ್ನು ಮತ್ತೆ ತಂದು ಹೊಂಡಕ್ಕೇ ಬಿಟ್ಟರು.

ಹೊನ್ನೂರವ್ವ ಎಂಬ ಕಪ್ಪೆ ನೆಗೆದು ಬಂದಳು. ಹೊಂಡದ ಗೊದಮೊಟ್ಟೆಗಳಲ್ಲಿ ಅರ್ಧದಷ್ಟು ಅವಳವೇ. "ಕೊಟ್ರವ್ವ, ನಾನು ದೊಣೆಗೆ ಆರು ನೆಗೆತದಲ್ಲಿ ಹೋಗ್ತೀನಿ. ನನ್ನ ಮಕ್ಕಳು ಹೇಗೆ ಹೋಗ್ತವೆ? ಹೇಳು. ಹೇಗೆ ಹೋಗ್ತವೆ?"

ಆರು ನೆಗೆತ ಎನ್ನುವುದು ಕಪ್ಪೆಯ ಜಂಬ, ಆರು ಸಾವಿರವಾದರೂ ಬೇಕು. ಆದರೆ ಅವಳ ಕಣ್ಣಲ್ಲಿದ್ದ ಭಯ ನಿಜವಾದದ್ದು.

"ಬಂಡಿ ಮಾಡ್ತೀನಿ," ಎಂದಳು ಕೊಟ್ರವ್ವ.

ಹಸಿ ಬಿದಿರು ಸೀಳಿದಳು. ನಾಲ್ಕು ವರ್ಷದ ಹಿಂದೆ ಎಳೆಯಂತೆ ನೆಟ್ಟಗೆ ಸೀಳುತ್ತಿದ್ದ ಕೊಕ್ಕು ಈಗ ಅಡ್ಡಡ್ಡ ಹೋಯಿತು. ಹೇಗೋ ಒಂದು ಪಟ್ಟಿ ತೆಗೆದು ದುಂಡುಕಲ್ಲಿನ ಮೇಲೆ ಬಗ್ಗಿಸಿ ಗಂಟು ಹಾಕಿದಳು. ಅಥವಾ, ಹಾಕಿದೆ ಎಂದುಕೊಂಡಳು. ಎಳೆ ಮೇಲಿನಿಂದ ಬರಬೇಕೋ ಕೆಳಗಿನಿಂದಲೋ? ಎರಡು ಸುತ್ತೋ ಮೂರೋ? ಪಟ್ಟಿ ಚಿಮ್ಮಿ ಅವಳ ಕೆನ್ನೆಗೇ ಬಾರಿಸಿತು. ಎರಡನೆಯ ದಿನವೆಲ್ಲ ಹೆಣಗಿ ಒಂದು ಚಕ್ರ ಮಾಡಿ ತಿಪ್ಪಣ್ಣನನ್ನು ಕರೆತಂದಳು.

ತಿಪ್ಪಣ್ಣ ಉರುಳಿಸಿದ. ಅದು ಮೂರು ಸಲ ಕುಂಟಿ ಪಕ್ಕಕ್ಕೆ ಬಿತ್ತು.

"ಇದು ಚಕ್ರ ಅಲ್ಲವ್ವ, ಹಲಸಿನಹಣ್ಣು," ಎಂದ. ಆಮೇಲೆ ಅವಳ ಊದಿದ ಕೆನ್ನೆ ನೋಡಿ ದನಿ ತಗ್ಗಿಸಿದ. "ಕಲ್ಲಿನ ಮೇಲೆ ಬಗ್ಗಿಸಿದರೆ ಕಲ್ಲಿನ ಹಾಗೇ ಬರುತ್ತೆ. ಅಜ್ಜನ್ನ ಕರಿ."

"ಯಾವ ಮುಖ ಇಟ್ಟುಕೊಂಡು ಕರೀಲೋ? ಹೋಗು ಅಂದವಳೇ ನಾನು."

"ಅದೇ ಮುಖ ಇಟ್ಟುಕೊಂಡು ಹೋಗು. ನಿನ್ನ ಹತ್ತಿರ ಬೇರೆ ಮುಖ ಎಲ್ಲಿದೆ? ಹೊಂಡದಲ್ಲಿ ಇನ್ನು ಆರು ದಿನದ ನೀರಿದೆ."

ಕೊಟ್ರವ್ವ ಹಾರಿದಳು. ಕುರುಚಲು ಕಾಡನ್ನೆಲ್ಲ ಹುಡುಕಿದಳು. ಕೊನೆಗೆ ಗುಡ್ಡದ ಇಳಿಜಾರಿನ ಪಾಪಾಸುಕಳ್ಳಿಯ ನೆರಳಲ್ಲಿ ಸಣ್ಣೀರಜ್ಜ ಸಿಕ್ಕ. ಬಿದ್ದ ಹಣ್ಣೊಂದನ್ನು ನಿಧಾನವಾಗಿ ತಿನ್ನುತ್ತಿದ್ದ. ಬಾಯೆಲ್ಲ ಕೆಂಪಾಗಿತ್ತು.

ಕೊಟ್ರವ್ವ ಅವನ ಪಕ್ಕಕ್ಕೆ ಇಳಿದಳು. ಅಜ್ಜನ ಬೆನ್ನಿನ ಮೇಲೆ ಅವಳು ಕಟ್ಟಿದ ಪಟ್ಟಿ ಹಾಗೆಯೇ ಇತ್ತು! ಒಣಗಿ, ಕಪ್ಪಾಗಿ, ಚಿಪ್ಪಿಗೆ ಅಂಟಿಕೊಂಡಂತೆ ಇತ್ತು.

"ಅಜ್ಜಾ! ಇದೇನಜ್ಜಾ? ನಾಲ್ಕು ವರ್ಷದ ಮೇಲಾಯಿತು! ಕಲ್ಲಿಗೆ ಉಜ್ಜಿದ್ದರೆ ಹರಿದುಹೋಗುತ್ತಿತ್ತಲ್ಲ!"

"ಹೋಗುತ್ತಿತ್ತು," ಎಂದ ಅಜ್ಜ ಹಣ್ಣು ನುಂಗಿ. "ಆದರೆ ಕಟ್ಟಿದವರೇ ಬಿಚ್ಚಬೇಕಲ್ಲವ್ವ? ನಿನ್ನಮ್ಮ ಮಾಡಿದ ನಿಯಮ. ಒಂದಲ್ಲ ಒಂದು ದಿನ ಬರ್ತಾಳೆ ಅಂತ ಇದ್ದೆ. ತಡ ಮಾಡಿದೆ, ಆದರೂ ಬಂದೆ."

ಕೊಟ್ರವ್ವ ಅಲ್ಲೇ ಕೂತು ಅತ್ತಳು. ಎಲ್ಲವನ್ನೂ ಹೇಳಿದಳು. ಎರಡು ವರ್ಷ ನೆಪ ಹೇಳಿದ್ದು, ಗಂಟು ಮರೆತದ್ದು, ಹೊನ್ನೂರವ್ವನ ಕಣ್ಣು, ಎಲ್ಲ. ಅಜ್ಜ ಬೈಯಲಿಲ್ಲ.

"ಅಳೋದು ಆಮೇಲೆ. ಮೊದಲು ಇದನ್ನ ಬಿಚ್ಚು. ನಿಧಾನಕ್ಕೆ ಬಿಚ್ಚು. ಎಳೆ ಯಾವ ಕಡೆಯಿಂದ ಬರುತ್ತೆ ನೋಡ್ಕೊಂಡು ಬಿಚ್ಚು."

ಅವನು ಯಾಕೆ ಹಾಗೆ ಹೇಳಿದ ಎಂದು ನಿಮಗೆ ಗೊತ್ತಾಯಿತೇ? ಕೊಟ್ರವ್ವನಿಗೆ ಗೊತ್ತಾದದ್ದು ಕೊಕ್ಕನ್ನು ಗಂಟಿಗೆ ಇಟ್ಟಾಗ. ಲೋಕದಲ್ಲಿ ಉಳಿದಿದ್ದ ಅವಳಮ್ಮನ ಗಂಟು ಅದೊಂದೇ. ಅವಳದೇ ಕೊಕ್ಕು ಕಟ್ಟಿದ್ದು, ಅವಳದೇ ಕಣ್ಣೆದುರು ಇತ್ತು. ಕೊನೆಯ ಎಳೆ ಕೆಳಗಿನಿಂದ ಬಂದಿತ್ತು. ಮೂರು ಸುತ್ತು. ಮೂರನೆಯದು ಎರಡನೆಯದರ ಅಡಿಯಲ್ಲಿ! ಒಂದೊಂದು ಎಳೆ ಬಿಚ್ಚಿದಾಗಲೂ ಕಟ್ಟಿದ್ದು ಹೇಗೆಂದು ನೆನಪು ಹಿಂದಕ್ಕೆ ಬಂತು. ಬಿಚ್ಚಿ ಮುಗಿಸುವಷ್ಟರಲ್ಲಿ ಕಟ್ಟುವುದು ಬಂದುಬಿಟ್ಟಿತ್ತು.

ಪಟ್ಟಿ ಇದ್ದ ಜಾಗದಲ್ಲಿ ಚಿಪ್ಪಿನ ಮೇಲೆ ಅಡ್ಡಕ್ಕೆ ಒಂದು ಗೆರೆ ಕೊರೆದಿತ್ತು. ಆಮೆಗಳು ಮುದಿಯಾದರೂ ತೀರಾ ನಿಧಾನವಾಗಿ ಬೆಳೆಯುತ್ತಲೇ ಇರುತ್ತವೆ. ಅಜ್ಜ ಬೆಳೆದಿದ್ದ, ಪಟ್ಟಿ ಬೆಳೆದಿರಲಿಲ್ಲ. ಅದಕ್ಕೇ ಆ ಗೆರೆ.

"ನೋವಾಯಿತಾ ಅಜ್ಜಾ?"

"ಮಳೆಗಾಲದಲ್ಲಿ ಸ್ವಲ್ಪ," ಎಂದ ಅಜ್ಜ. "ನಡಿ ನಡಿ. ನಾನು ನಡೆದು ಬರೋಷ್ಟರಲ್ಲಿ ನಿನ್ನ ಆರು ದಿನ ಮುಗಿದುಹೋಗುತ್ತೆ."

ಅದು ನಿಜವೇ ಆಗಿತ್ತು. ಕೊನೆಗೆ ಮೊಲಗಳು ಬಂದು, ಮುರಿದ ಬಂಡಿಯ ಹಲಗೆಯ ಮೇಲೆ ಅಜ್ಜನನ್ನು ಕೂರಿಸಿ ಎಳೆದುಕೊಂಡು ಹೋದವು. "ಚಕ್ರ ಇಲ್ಲದ ಬಂಡಿಯಲ್ಲಿ ಮೊದಲನೇ ಸಲ ಕೂತಿದ್ದೀನಿ," ಎಂದು ಅಜ್ಜ ದಾರಿಯುದ್ದಕ್ಕೂ ನಕ್ಕ.

ಮರುದಿನ ಬೆಳಗಾಗುತ್ತಲೇ ಬೇವಿನ ಮರದ ಕೆಳಗೆ ಕೆಲಸ ಶುರುವಾಯಿತು. ಎರಡು ಪಟ್ಟಿಗಳನ್ನು ಒತ್ತೊತ್ತಾಗಿ ಅಜ್ಜನ ಬೆನ್ನಿಗೆ ಕಟ್ಟಿದಳು. ಮಧ್ಯಾಹ್ನಕ್ಕೆ ಅವನ್ನು ಬಿಚ್ಚಿ ಇನ್ನೆರಡು ಕಟ್ಟಿದಳು. ಬೇಸಿಗೆಯ ಬಿಸಿಲು ಸುಡುತ್ತಿತ್ತು. ಅಜ್ಜ ಅಲ್ಲಾಡಲಿಲ್ಲ. ಹೊನ್ನೂರವ್ವ ಹೊಂಡಕ್ಕೂ ಮರಕ್ಕೂ ನೆಗೆದಾಡುತ್ತ ಒದ್ದೆ ಎಲೆ ತಂದು ಅವನ ತಲೆಯ ಮೇಲೆ ಹೊದಿಸುತ್ತಿದ್ದಳು.

"ನೆಗೆದು ನೆಗೆದು ನನ್ನ ಮೇಲೆ ನೀರು ಚೆಲ್ಲಬೇಡವೇ, ಬಿದಿರು ಒಣಗಲ್ಲ," ಎಂದು ಅಜ್ಜ ಗದರುತ್ತಿದ್ದ.

"ನಿನ್ನ ಕಾಲು ಹಿಡೀತೀನಿ ಅಜ್ಜಾ, ಬಯ್ಯಿ, ಎಷ್ಟು ಬೇಕಾದರೂ ಬಯ್ಯಿ," ಎನ್ನುತ್ತಿದ್ದಳು ಅವಳು.

ಸಂಜೆಗೆ ನಾಲ್ಕು ಕಮಾನು ಸಿದ್ಧ, ಅಂದರೆ ಎರಡು ಚಕ್ರ. ಕೊಟ್ರವ್ವ ಅಡ್ಡಪಟ್ಟಿ ಕಟ್ಟಿ ನಡುವೆ ತೂತು ಕೊರೆದಳು. ಮೊದಲ ತೂತು ಸೊಟ್ಟಗಾಯಿತು. ಪಟ್ಟಿ ಬದಲಿಸಿ ಮತ್ತೆ ಕೊರೆದಳು. ತಿಪ್ಪಣ್ಣ ಚಕ್ರವನ್ನು ಉರುಳಿಸಿದ. ಚಕ್ರ ಉರುಳಿತು, ಉರುಳಿತು, ಉರುಳುತ್ತಲೇ ಹೋಯಿತು. ತಿಪ್ಪಣ್ಣ ಅದರ ಹಿಂದೆ ಓಡುತ್ತಲೇ ಕೂಗಿದ: "ಹೂಂ! ಹೂಂ! ಹೂಂ!"

ಒಂದು ವಿಶೇಷವನ್ನು ಅವರು ಆಮೇಲೆ ಗಮನಿಸಿದರು. ಅಜ್ಜನ ಬೆನ್ನು ಬೆಳೆದದ್ದರಿಂದ ಈ ಚಕ್ರ ಹಳೆಯ ಚಕ್ರಗಳಿಗಿಂತ ದೊಡ್ಡದಾಗಿತ್ತು. ದೊಡ್ಡ ಚಕ್ರ ದಾರಿಯ ಕಲ್ಲುಗಳನ್ನು ಸಲೀಸಾಗಿ ಹತ್ತಿ ಇಳಿಯುತ್ತಿತ್ತು. ಮೊದಲು ಅರ್ಧ ದಿನ ಹಿಡಿಯುತ್ತಿದ್ದ ದಾರಿ ಈಗ ಅದರ ಅರ್ಧದಲ್ಲೇ ಮುಗಿಯಿತು.

ಬಂಡಿ ಕಟ್ಟಿ ನಿಲ್ಲಿಸಿದಾಗ ಕೊಟ್ರವ್ವ ತುಲ್ಗಾ ಕೊಟ್ಟ ಬುರುಡೆಯನ್ನು ತಂದಳು.

"ಅವರ ಎಣ್ಣೆ ಯಾಕೆ?" ಎಂದ ತಿಪ್ಪಣ್ಣ ಮುಖ ಗಂಟು ಹಾಕಿ. "ನಡುನೀರಲ್ಲಿ ಕೈ ಬಿಟ್ಟು ಹೋದವರು."

"ನಡುನೀರಿಗೆ ನಾನೇ ಇಳಿದದ್ದು ತಿಪ್ಪಣ್ಣ. ನೀನೂ ಅಜ್ಜನೂ ದಡದಲ್ಲೇ ಇದ್ದಿರಿ. ತುಲ್ಗಾ ಕಲಿಸದೇ ಹೋಗಿದ್ದರೆ ನಮ್ಮ ಬಂಡಿ ಇವತ್ತೂ ಕಿರುಚುತ್ತಾ ಇರುತ್ತಿತ್ತು. ಕಲಿಸಿದ್ದನ್ನು ಇಟ್ಟುಕೊಳ್ಳೋಣ. ಮಾಡೋದನ್ನು ಬಿಡೋದು ಬೇಡ, ಅಷ್ಟೇ."

ತಿಪ್ಪಣ್ಣ ಬುರುಡೆಯನ್ನು ಅಚ್ಚಿನ ಹತ್ತಿರಕ್ಕೆ ತಳ್ಳಿದ. "ಹೂಂ," ಎಂದ.

ದಿನಕ್ಕೊಂದರಂತೆ ಬಂಡಿಗಳು ಸಿದ್ಧವಾದವು. ಏಳನೆಯ ದಿನಕ್ಕೆ ಹೊಂಡದಲ್ಲಿ ಬರೀ ಕೆಸರುನೀರು ಉಳಿದಿತ್ತು. ಎಂಟನೆಯ ದಿನ ಬೆಳಿಗ್ಗೆ ಕೊನೆಯ ಬುರುಡೆ ಬಂಡಿ ಹತ್ತಿತು. ಬಂಡಿ ಸದ್ದಿಲ್ಲದೆ ಗುಡ್ಡ ಸುತ್ತಿತು. ದೊಣೆಯ ಅಂಚಿನಲ್ಲಿ ಬುರುಡೆ ಬಗ್ಗಿಸಿದಾಗ ಗೊದಮೊಟ್ಟೆಗಳು ಬುಳುಬುಳು ಎಂದು ಆಳದ ನೀರಿಗೆ ಇಳಿದವು. ಹೊನ್ನೂರವ್ವ ಎಣಿಸಲು ಹೋಗಿ, ಎಣಿಸಲಾಗದೆ, ತಾನೂ ನೀರಿಗೆ ಧುಮುಕಿದಳು.

ಆ ವರ್ಷದ ಮೊದಲ ಮಳೆ ಬಿದ್ದಾಗ ಕೊಟ್ರವ್ವ ಅಜ್ಜನ ಹತ್ತಿರ ಬಂದು ಕೂತಳು. ಮಳೆನೀರು ಅವನ ಬೆನ್ನಿನ ಗೆರೆಯಲ್ಲಿ ಸಣ್ಣ ಕಾಲುವೆಯ ಹಾಗೆ ಹರಿಯುತ್ತಿತ್ತು.

"ನನ್ನಿಂದ ಆದ ಗೆರೆ ಅಜ್ಜಾ ಇದು. ಅಳಿಸೋಕೆ ಏನಾದರೂ ದಾರಿ ಇದ್ದರೆ ಹೇಳು."

"ಅಳಿಸೋದಾ? ಅಯ್ಯೋ, ಬೇಡ ಮಾರಾಯ್ತಿ," ಎಂದ ಅಜ್ಜ. "ಮೊದಲೆಲ್ಲ ಪಟ್ಟಿ ಜಾರುತ್ತೆ ಅಂತ ಉಸಿರು ಬಿಗಿಹಿಡಿದು ಕೂರುತ್ತಿದ್ದೆ. ಈಗ ಗೆರೆಯಲ್ಲಿ ಕೂತರೆ ಜಾರೋದೇ ಇಲ್ಲ. ಆರಾಮಾಗಿ ನಿದ್ದೆ ಮಾಡಬಹುದು."

ಕೊಟ್ರವ್ವ ನಕ್ಕಳು, ನಗುತ್ತ ಕಣ್ಣೊರೆಸಿಕೊಂಡಳು. ಎದ್ದು ಹೋಗಿ, ಬೇವಿನ ಮರದ ಕೆಳಗೆ ನಿಲ್ಲಿಸಿದ್ದ ಬಂಡಿಗಳ ಮೇಲೆ ಗುರುತು ಕುಟ್ಟಿದಳು. ಸಾಲಾಗಿ ಮೂರು ತೂತು. ಅದರ ಕೆಳಗೆ, ತುಲ್ಗಾಳ ನೆನಪಿಗೆ, ಒಂದು ಪುಟ್ಟ ಗರಿ. ಗರಿಯ ಕೆಳಗೆ ಒಂದು ಗೆರೆ, ಅಜ್ಜನ ಬೆನ್ನಿನ ಮೇಲಿದ್ದಂಥದ್ದೇ, ಸ್ವಲ್ಪ ಬಾಗಿದ್ದು.

ಅಂದಿನಿಂದ ಬಂಡಿ ಬೇಕಿದ್ದರೂ ಬೇಡದಿದ್ದರೂ ಅವಳು ಪ್ರತಿ ತಿಂಗಳು ಒಂದು ಚಕ್ರ ಮಾಡಿದಳು. ಆ ದಿನ ಸಂಜೆ ಎಷ್ಟೇ ಕೆಲಸವಿದ್ದರೂ, ಎಷ್ಟೇ ಹೊಳೆಯುವ ವಸ್ತು ಹೊಂಡದ ದಡಕ್ಕೆ ಬಂದಿದ್ದರೂ, ಮೊದಲು ಅಜ್ಜನ ಹತ್ತಿರ ಹೋಗಿ ತಾನು ಕಟ್ಟಿದ ಗಂಟನ್ನು ತಾನೇ ಬಿಚ್ಚುತ್ತಿದ್ದಳು.

ನೀತಿ: ದೂರದವರು ಕಲಿಸಿದ ಒಳ್ಳೆಯದನ್ನು ಕೃತಜ್ಞತೆಯಿಂದ ಇಟ್ಟುಕೊಳ್ಳಿ, ಆದರೆ ಅದಕ್ಕಾಗಿ ನಿಮ್ಮ ಕೈಯ ಕೆಲಸವನ್ನೂ, ಸದ್ದಿಲ್ಲದೆ ಅದನ್ನು ಹೊತ್ತವರನ್ನೂ ಬಿಟ್ಟುಕೊಡಬೇಡಿ.